ನೋಡುವವರು ಎಲ್ಲಿ ನಿಂತಿದ್ದಾರೆ?

ನಮ್ಮ ಸ್ಟುಡಿಯೋದ ನೆಲದ ಮೇಲೆ ಮೂರು ಕಡೆ ಕೆಂಪು ಟೇಪ್ ಅಂಟಿಸಿದ್ದೇವೆ. ಗೋಡೆಯಿಂದ ಒಂದು ಮೀಟರ್, ಮೂರು ಮೀಟರ್, ಎಂಟು ಮೀಟರ್. ಯಾರು ಏನೇ ಡಿಸೈನ್ ಮಾಡಲಿ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು. ಆಮೇಲೆ ಎಲ್ಲರೂ ಒಂದೊಂದು ಟೇಪಿನ ಮೇಲೆ ನಿಂತು ನೋಡಬೇಕು. ಮಾಡಿದವರು ಮೊದಲ ಎರಡು ನಿಮಿಷ ಬಾಯಿ ಬಿಡುವ ಹಾಗಿಲ್ಲ. ಉಳಿದವರು ತಮಗೆ ಏನು ಕಂಡಿತೋ ಅದನ್ನಷ್ಟೇ ಹೇಳುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತಲ್ಲ. ಮೊದಲು ಕಣ್ಣು ಎಲ್ಲಿ ಹೋಯಿತು, ಆಮೇಲೆ ಎಲ್ಲಿಗೆ ಸರಿಯಿತು, ಯಾವುದನ್ನು ಓದಲು ಆಗಲಿಲ್ಲ ಅಂತ.

ನಾವು ಚಿತ್ರ ಬರೆಯುವುದು ಕಣ್ಣಿನಿಂದ ಎರಡು ಅಡಿ ದೂರದ ಪರದೆಯ ಮೇಲೆ. ಬೇಕಾದಾಗ ಹಿಗ್ಗಿಸಿಕೊಳ್ಳುತ್ತೇವೆ. ಕ್ಲೈಂಟ್ ನೋಡುವುದು ಮೀಟಿಂಗ್ ರೂಮಿನ ದೊಡ್ಡ ಪರದೆಯಲ್ಲಿ, ಆರಾಮಾಗಿ ಕೂತು. ಆದರೆ ಅದನ್ನು ನಿಜವಾಗಿ ಬಳಸುವವರು ಈ ಎರಡೂ ಕಡೆ ಇರುವುದಿಲ್ಲ. ಅವರು ನಡೆಯುತ್ತಿರುತ್ತಾರೆ, ಕಂಕುಳಲ್ಲಿ ಮಗು ಇರುತ್ತದೆ, ಕನ್ನಡಕ ಮರೆತು ಬಂದಿರುತ್ತಾರೆ. ಹೋದ ಕೆಲವು ತಿಂಗಳಲ್ಲಿ ಮುಗಿಸಿದ, ಇನ್ನೂ ಮುಗಿಯದ ಮೂರು ಕೆಲಸಗಳಲ್ಲೂ ನಮಗೆ ಎದುರಾಗಿದ್ದು ಇದೊಂದೇ ಪ್ರಶ್ನೆ.

ದೊಡ್ಡ ಕೆಲಸ ಅಂದರೆ ಒಂದು ಆಸ್ಪತ್ರೆಗೆ ದಾರಿ ತೋರಿಸುವ ಬೋರ್ಡುಗಳದ್ದು. ಡಿಸೈನಿಗೆ ಕೈ ಹಾಕುವ ಮೊದಲು ನಾವಿಬ್ಬರು ಒಂದು ಇಡೀ ಮಧ್ಯಾಹ್ನ ಬಾಗಿಲ ಹತ್ತಿರ ನೋಟ್‌ಬುಕ್ ಹಿಡಿದು ನಿಂತಿದ್ದೆವು. ಒಳಗೆ ಬಂದವರು ಸೀದಾ ಸೆಕ್ಯುರಿಟಿಯವರ ಹತ್ತಿರ ಹೋಗಿ "ರಕ್ತ ಪರೀಕ್ಷೆ ಎಲ್ಲಿ ಸಾರ್?" ಅಂತ ಕೇಳುತ್ತಿದ್ದರು. ಅವರ ಎಡಗಡೆ ನಾಲ್ಕೇ ಹೆಜ್ಜೆಯಲ್ಲಿ ಬೋರ್ಡ್ ಇತ್ತು! ಅಕ್ಷರ ದೊಡ್ಡದಿತ್ತು, ಬಣ್ಣವೂ ಸರಿಯಿತ್ತು. ಆದರೆ ಅದನ್ನು ಜನ ನಡೆಯುವ ದಾರಿಯ ಪಕ್ಕದ ಗೋಡೆಗೆ ಹೊಡೆದಿದ್ದರು. ನೇರ ನಡೆದು ಬರುವವರಿಗೆ ಅದು ಒಂದು ತೆಳ್ಳನೆ ಪಟ್ಟಿಯ ಹಾಗೆ ಕಾಣುತ್ತದೆ ಅಷ್ಟೇ. ಅದೇ ಬೋರ್ಡನ್ನು ದಾರಿಗೆ ಅಡ್ಡಲಾಗಿ, ತಲೆಯ ಮೇಲೆ ಇಳಿಬಿಟ್ಟರೆ ಕೆಲಸದ ಅರ್ಧ ಭಾಗ ಮುಗಿದ ಹಾಗೆ. ಅವತ್ತು ನಾವು ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಆಮೇಲೆ ಅಕ್ಷರದ ಗಾತ್ರ. ನಮ್ಮ ಕಸುಬಿನಲ್ಲಿ ಒಂದು ಒರಟು ಲೆಕ್ಕವಿದೆ. ಏಳೂವರೆ ಮೀಟರ್ ದೂರದಿಂದ ಓದಬೇಕಾದರೆ ಅಕ್ಷರ ಸುಮಾರು 25 ಮಿಲಿಮೀಟರ್ ಎತ್ತರ ಇರಬೇಕು. 20 ಮೀಟರ್ ಉದ್ದದ ಕಾರಿಡಾರಿನ ಆಚೆ ತುದಿಯಿಂದ ಓದಬೇಕಾದರೆ 65ರಿಂದ 70 ಮಿಲಿಮೀಟರ್. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಅವು ಒಂದೇ ಎತ್ತರಕ್ಕೆ ನಿಂತಿರುತ್ತವೆ. ಕನ್ನಡದಲ್ಲಿ "ಶಸ್ತ್ರಚಿಕಿತ್ಸೆ" ಅಂತ ಬರೆದು ನೋಡಿ. ಸಕಾರದ ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು, ಮುಂದೆ ಮತ್ತೆ ಸಕಾರದ ಒತ್ತು. ಒತ್ತುಗಳು ಮೇಲಿನ ಅಕ್ಷರಕ್ಕಿಂತ ಚಿಕ್ಕವು. ಮೇಲಿನದು ಓದುವಷ್ಟು ದೊಡ್ಡದಿದ್ದರೂ ಕೆಳಗಿನದು ಎಂಟು ಮೀಟರ್ ಟೇಪಿನಿಂದ ಬರೀ ಮಸಿ ಚುಕ್ಕೆಯಾಗಿ ಕಂಡಿತು.

ಅದಕ್ಕಿಂತ ಜಾಸ್ತಿ ತಲೆ ತಿಂದಿದ್ದು "ಔಷಧಿ". ಪ ಮತ್ತು ಷ ನಡುವೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಪುಟ್ಟ ಗೆರೆ. ದೂರದಿಂದ ಚೆನ್ನಾಗಿ ಕಾಣಲಿ ಅಂತ ನಾವು ದಪ್ಪ ಫಾಂಟ್ ಹಾಕಿದ್ದೆವು. ದಪ್ಪ ಮಾಡಿದಷ್ಟೂ ಆ ಗೆರೆಯ ಸುತ್ತಲಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಧ ಅಕ್ಷರದ ಕೆಳಗಿನ ಸೀಳೂ ಹಾಗೆಯೇ ಮುಚ್ಚಿ ಅದು ದ ಆಗಿಬಿಡುತ್ತದೆ. ಮೂರು ಮೀಟರಿನಿಂದ ಔಷಧಿ ಅಂತ ಓದಿದ ನಮ್ಮ ಸಹೋದ್ಯೋಗಿ ಎಂಟು ಮೀಟರಿಗೆ ಹೋಗಿ "ಔಪದಿ" ಅಂದರು. ಸುಮ್ನೆ ತಮಾಷೆಗೆ ಹೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಹಾಗೇ ಕಂಡಿತ್ತು. ಊಹೆ ಮಾಡಿ ಓದಬಹುದು, ಸರಿ. ಆದರೆ ಗಾಬರಿಯಲ್ಲಿ ಓಡಿ ಬಂದವರ ಮೇಲೆ ಊಹೆ ಮಾಡುವ ಕೆಲಸ ಯಾಕೆ ಹೊರಿಸಬೇಕು?

ಕೊನೆಗೆ ಮಧ್ಯಮ ದಪ್ಪದ ಫಾಂಟಿಗೆ ಇಳಿದೆವು. ನಾವು ಆರಿಸಿಕೊಂಡಿದ್ದು ಓಪನ್ ಫಾಂಟ್ ಲೈಸೆನ್ಸ್ ಇದ್ದದ್ದು, ಹಾಗಾಗಿ ಅಕ್ಷರಗಳನ್ನು ತಿದ್ದಲು ಅವಕಾಶ ಇತ್ತು. ಷ ಹೊಟ್ಟೆಯನ್ನು ಸ್ವಲ್ಪ ಅಗಲ ಮಾಡಿ, ಒಳಗಿನ ಗೆರೆಯನ್ನು ತೆಳ್ಳಗೆ ಮಾಡಿದೆವು. ಧ ಸೀಳನ್ನು ಉದ್ದ ಎಳೆದೆವು. ಒತ್ತುಗಳನ್ನು ಒಂಚೂರು ಹಿಗ್ಗಿಸಿ, ಸಾಲುಗಳ ನಡುವೆ ಅಷ್ಟೇ ಜಾಗ ಬಿಟ್ಟೆವು. ಕಡುನೀಲಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರುವ ಕಡೆ ಇನ್ನೂ ಒಂದು ಹಂತ ತೆಳ್ಳಗಿನದನ್ನು ಹಾಕಿದೆವು. ಗಾಢ ಬಣ್ಣದ ಮೇಲಿನ ಬಿಳಿ ಅಕ್ಷರ ಕಣ್ಣಿಗೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಬೋರ್ಡಿನ ಒಳಗಿಂದ ಲೈಟ್ ಹಾಕಿದರಂತೂ ಇನ್ನೂ ಜಾಸ್ತಿ.

ನೆಲದ ಮೇಲಿನ ದಾರಿಗೆರೆಗಳಿಗೆ ಆಸ್ಪತ್ರೆಯವರು ಕೆಂಪು, ಹಸಿರು ಕೇಳಿದ್ದರು. ಕೆಂಪು-ಹಸಿರು ಗುರುತಿಸಲು ಕಷ್ಟಪಡುವವರು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಇದರ ಪ್ರಮಾಣ ಎಲ್ಲ ಕಡೆ ಒಂದೇ ಇಲ್ಲ, ಉತ್ತರ ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನರಿಗೆ ಈ ತೊಂದರೆ ಇದೆ. ನಾವು ನೀಲಿ, ಕಿತ್ತಳೆ ಮಾಡಿ, ಪ್ರತಿ ಗೆರೆಗೂ ಒಂದು ಅಂಕಿ ಕೊಟ್ಟೆವು. ಬಣ್ಣ ಗೊತ್ತಾಗದಿದ್ದರೆ ಅಂಕಿ ಕೈ ಹಿಡಿಯುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಮಂಕಾಗುತ್ತದೆ, ಅದಕ್ಕೇ ಅಕ್ಷರಕ್ಕೂ ಹಿನ್ನೆಲೆಗೂ ಹಗಲು-ರಾತ್ರಿಯಷ್ಟು ಅಂತರ ಇಟ್ಟೆವು.

ಚಿಹ್ನೆಗಳ ವಿಷಯದಲ್ಲಿ ಎಲ್ಲವನ್ನೂ ಹೊಸದಾಗಿ ಮಾಡುವ ಆಸೆ ಎಲ್ಲ ಡಿಸೈನರುಗಳಿಗೂ ಇರುತ್ತದೆ. ನಮಗೂ ಇತ್ತು. ಆದರೆ ಶೌಚಾಲಯ, ಲಿಫ್ಟ್, ಮೆಟ್ಟಿಲು ಇವಕ್ಕೆಲ್ಲ ಜನರ ಕಣ್ಣು ಈಗಾಗಲೇ ಪಳಗಿದೆ. 1974ರಲ್ಲಿ ಅಮೆರಿಕದ ಸಾರಿಗೆ ಇಲಾಖೆಗಾಗಿ 34 ಚಿಹ್ನೆಗಳನ್ನು ಮಾಡಿದರು, 1979ರ ಹೊತ್ತಿಗೆ ಅವು 50 ಆದವು. ಯಾರು ಬೇಕಾದರೂ ಬಳಸಬಹುದು. ಅವುಗಳಿಂದ ಬೇಕಾದ್ದನ್ನು ತೆಗೆದುಕೊಂಡು, ಇಲ್ಲದ್ದನ್ನು ಮಾತ್ರ ನಾವು ಬರೆದೆವು. ಎಲ್ಲ ಒಂದೇ ಮನೆಯವರ ಹಾಗೆ ಕಾಣಲಿ ಅಂತ ಒಂದು ಚೌಕಳಿ ಹಾಕಿಕೊಂಡೆವು. 1972ರ ಮ್ಯೂನಿಕ್ ಒಲಿಂಪಿಕ್ಸಿಗೆ ಜರ್ಮನ್ ಡಿಸೈನರ್ ಓಟ್ಲ್ ಐಷರ್ ಮಾಡಿದ ಆಟಗಾರರ ಆಕೃತಿಗಳನ್ನು ನೋಡಿ. ಕೈಕಾಲುಗಳೆಲ್ಲ ಅಡ್ಡ, ಉದ್ದ ಇಲ್ಲವೇ 45 ಡಿಗ್ರಿ ಗೆರೆಗಳಲ್ಲೇ ಕೂತಿವೆ. ಆ ಶಿಸ್ತಿನಿಂದ ಈಗಲೂ ಕಲಿಯುವುದು ಬೇಕಾದಷ್ಟಿದೆ. ರಕ್ತ ಪರೀಕ್ಷೆಗೆ ನಾವು ಮೊದಲು ಬರೆದಿದ್ದು ಒಂದು ಹನಿ. ತೋರಿಸಿದವರಲ್ಲಿ ಹೆಚ್ಚಿನವರು "ರಕ್ತದಾನ" ಅಂದರು, ಒಬ್ಬರು "ಕುಡಿಯುವ ನೀರು" ಅಂದರು. ಹನಿಯ ಕೆಳಗೆ ಒಂದು ಗಾಜಿನ ನಳಿಕೆ ಇಟ್ಟ ಮೇಲೆ ಸರಿಯಾದ ಉತ್ತರ ಬಂತು.

ಇದರ ನಡುವೆಯೇ ಮಕ್ಕಳ ಚಿತ್ರಪುಸ್ತಕ ಒಂದು ನಡೆಯುತ್ತಿತ್ತು. ನನಗೆ ತುಂಬಾ ಇಷ್ಟವಾದ ಕೆಲಸ ಅದು. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಯಾಕಿರುತ್ತವೆ ಅಂತ ಕೇಳುತ್ತಾರೆ. ದೊಡ್ಡ ಹಾಳೆಯ ಎರಡೂ ಬದಿಗೆ ಪ್ರಿಂಟ್ ಮಾಡಿ ಮಡಚಿದರೆ 16 ಪುಟದ ಒಂದು ಫಾರಂ ಆಗುತ್ತದೆ. ಎರಡು ಫಾರಂ ಸೇರಿದರೆ 32. ಶೀರ್ಷಿಕೆ, ಹಕ್ಕುಗಳ ವಿವರ, ಅರ್ಪಣೆ ಎಲ್ಲ ತೆಗೆದರೆ ಕತೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಜೋಡಿಪುಟ. ನೀವೂ ಮಾಡಿ ನೋಡಬಹುದು. ಎಂಟು ಹಾಳೆ ತೆಗೆದುಕೊಂಡು ಮಧ್ಯಕ್ಕೆ ಮಡಚಿ ಒಂದರೊಳಗೊಂದು ಸೇರಿಸಿ, 32 ಪುಟದ ಪುಟ್ಟ ಪುಸ್ತಕ ಸಿದ್ಧ. ನಾವು ಇದನ್ನು ಡಮ್ಮಿ ಅನ್ನುತ್ತೇವೆ. ಬಣ್ಣ ಮುಟ್ಟುವ ಮೊದಲು ಇಂಥ ಐದಾರು ಡಮ್ಮಿ ಆಗಲೇಬೇಕು, ಪೆನ್ಸಿಲಿನಲ್ಲಿ, ಬೆರಳುದ್ದದ ಚಿತ್ರಗಳಲ್ಲಿ.

ಯಾಕೆಂದರೆ ಪುಸ್ತಕಕ್ಕೆ ಪರದೆಯಲ್ಲಿ ಕಾಣದ ಎರಡು ಗುಣಗಳಿವೆ. ಒಂದು, ಪುಟ ತಿರುಗುತ್ತದೆ. ಬಲಗಡೆ ಪುಟದ ಕೊನೆಯಲ್ಲಿ ಹುಡುಗಿ ಬಾಗಿಲಿಗೆ ಕೈ ಇಟ್ಟರೆ, ಒಳಗೆ ಏನಿದೆ ಅನ್ನುವುದು ಪುಟ ತಿರುಗಿಸಿದ ಮೇಲೆಯೇ ಕಾಣಬೇಕು. ಎಡ-ಬಲದಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದರೆ ಕುತೂಹಲ ಅಲ್ಲೇ ಮುಗಿಯಿತು. ಇನ್ನೊಂದು, ಮಧ್ಯದ ಬೈಂಡಿಂಗ್ ಮಡಿಕೆ ಚಿತ್ರವನ್ನು ನುಂಗುತ್ತದೆ. ಈ ಪುಸ್ತಕದಲ್ಲಿ ಅಜ್ಜಿ ಮೊಮ್ಮಗಳ ಕೈ ಹಿಡಿಯುವ ಒಂದು ಚಿತ್ರವಿದೆ. ಕತೆಯ ಜೀವವೇ ಆ ಎರಡು ಕೈಗಳು. ಅಜ್ಜಿ ಎಡಪುಟದಲ್ಲಿ, ಮೊಮ್ಮಗಳು ಬಲಪುಟದಲ್ಲಿ, ಕೈಗಳು ಸರಿಯಾಗಿ ನಡುವೆ. ಪರದೆಯಲ್ಲಿ ಕಣ್ಣು ತುಂಬಿ ಬರುವ ಹಾಗಿತ್ತು. ಡಮ್ಮಿ ಹೊಲಿದು ತೆರೆದರೆ ಇಬ್ಬರ ಬೆರಳುಗಳೂ ಮಡಿಕೆಯೊಳಗೆ ಮಾಯ! ಚಿತ್ರವನ್ನು ಪೂರ್ತಿ ಎಡಕ್ಕೆ ಸರಿಸಿ, ಕೈಗಳನ್ನು ಎಡಪುಟದ ನಡುವೆ ತಂದು, ಬಲಗಡೆ ಬರೀ ಖಾಲಿ ರಸ್ತೆ ಬಿಟ್ಟರು ಚಿತ್ರ ಬರೆದವರು. ಈಗ ಅವರಿಬ್ಬರ ಮುಂದೆ ಎಷ್ಟು ದಾರಿ ಇದೆ ಅನ್ನುವುದೂ ಕಾಣುತ್ತದೆ.

ಮಕ್ಕಳ ಪುಸ್ತಕಕ್ಕೆ ಎರಡು ದೂರಗಳಿವೆ. ತೊಡೆಯ ಮೇಲೆ ಕೂತು ನೋಡುವಾಗ ಒಂದು ಗೇಣು. ಶಾಲೆಯಲ್ಲಿ ಟೀಚರ್ ಎತ್ತಿ ಹಿಡಿದು ತೋರಿಸುವಾಗ ಮೂರು ಮೀಟರ್. ಆದ್ದರಿಂದ ಮುಖ್ಯ ಆಕೃತಿ ಮೂರು ಮೀಟರಿಗೆ ಗೊತ್ತಾಗಬೇಕು, ಹುಲ್ಲಿನಲ್ಲಿ ಅಡಗಿದ ಮಿಡತೆ ಗೇಣು ದೂರದಲ್ಲಿ ಸಿಗಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಇದಕ್ಕೂ ಹಿಂದಿನ ಪುಸ್ತಕದಲ್ಲಿ ರಾತ್ರಿಯ ಕಾಡಿನ ದೃಶ್ಯ ಇತ್ತು. ಪರದೆಯಲ್ಲಿ ಮರಗಳ ನಡುವೆ ಮೊಲ ಚೆನ್ನಾಗಿ ಕಾಣುತ್ತಿತ್ತು. ಪ್ರಿಂಟಾಗಿ ಬಂದಾಗ ಮೊಲವೇ ಇಲ್ಲ, ಬರೀ ಕಂದು-ಕಪ್ಪು ಕೆಸರು. ಪರದೆ ಬೆಳಕನ್ನು ಹೊರಗೆ ಚೆಲ್ಲುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದೆ ಕೊಡುತ್ತದೆ. ಪ್ರೆಸ್ಸಿನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ನಾಲ್ಕೂ ಶಾಯಿಗಳ ಶೇಕಡಾವಾರು ಕೂಡಿಸಿದರೆ 400ರವರೆಗೆ ಹೋಗಬಹುದು, ಆದರೆ ಅಷ್ಟು ಶಾಯಿ ಕುಡಿಯುವ ಶಕ್ತಿ ಕಾಗದಕ್ಕಿಲ್ಲ. ಮ್ಯಾಪ್‌ಲಿಥೋದಂಥ ಹೊಳಪಿಲ್ಲದ ಕಾಗದದಲ್ಲಿ 300ರ ಒಳಗೇ ಇರಬೇಕು. ಶಾಯಿ ಹೀರಿ ಚುಕ್ಕೆಗಳು ಹರಡಿಕೊಂಡು ಎಲ್ಲ ಇನ್ನಷ್ಟು ಕಪ್ಪಾಗುತ್ತದೆ. ಅದೇ ಕಾಗದದ ಮೇಲೆ ಪ್ರೂಫ್, ಅಂದರೆ ಪರೀಕ್ಷೆಯ ಪ್ರಿಂಟ್, ತೆಗೆಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನಾವು ಆತುರಪಟ್ಟು ಹೊಳಪಿನ ಆರ್ಟ್ ಪೇಪರಿನ ಪ್ರೂಫ್ ನೋಡಿ ಒಪ್ಪಿಗೆ ಕೊಟ್ಟಿದ್ದೆವು. ಆ ಪುಟವನ್ನು ಮಗುವೊಂದು ತಿರುವಿ ಹಾಕಿ ಮುಂದೆ ಹೋಗಿದ್ದನ್ನು ನಾನೇ ನೋಡಿದೆ. ಈಗಿನ ಪುಸ್ತಕದ ರಾತ್ರಿ ನೀಲಿಯಾಗಿದೆ, ಮತ್ತು ಕಪ್ಪು ಅಕ್ಷರಗಳೆಲ್ಲ ಒಂದೇ ಕಪ್ಪು ಶಾಯಿಯಲ್ಲಿವೆ. ನಾಲ್ಕು ಶಾಯಿ ಸೇರಿಸಿ ಮಾಡಿದ ಕಪ್ಪಿನಲ್ಲಿ ಒಂದು ಶಾಯಿಯ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ.

ಮೂರನೆಯದು ಒಂದು ಲೋಗೋ, ಬೇಗ ಮುಗಿದ ಕೆಲಸ. ಹಕ್ಕಿಯ ರೆಕ್ಕೆಯಲ್ಲಿ ಹನ್ನೊಂದು ಗರಿ ಬರೆದಿದ್ದೆವು. ಕ್ಲೈಂಟಿಗೆ ಎಲ್ಲವೂ ಇಷ್ಟ. ಆದರೆ ಅವರ ಗ್ರಾಹಕರು ನೋಡುವುದು ಫೋನಿನ ಮೇಲೆ, ಬ್ರೌಸರಿನ ಟ್ಯಾಬಿನಲ್ಲಂತೂ 16 ಪಿಕ್ಸೆಲ್ ಅಗಲದಲ್ಲಿ. ಆಪಲ್ ಕಂಪನಿಯ 1984ರ ಮ್ಯಾಕಿಂಟಾಶ್ ಕಂಪ್ಯೂಟರಿಗೆ ಡಿಸೈನರ್ ಸೂಸನ್ ಕೇರ್ ಐಕಾನ್ ಮಾಡಿದಾಗ ಅವರಿಗೆ ಸಿಕ್ಕಿದ್ದು 32 ಅಡ್ಡ, 32 ಉದ್ದದ ಚೌಕಗಳು. ಚೌಕಳಿ ಪುಸ್ತಕದಲ್ಲಿ ಒಂದೊಂದೇ ಚೌಕ ತುಂಬಿ ಬರೆದರು. ನಾವೂ ಗ್ರಾಫ್ ಹಾಳೆ ತೆಗೆದು ಹಕ್ಕಿಯನ್ನು 16 ಚೌಕದಲ್ಲಿ ಕೂರಿಸಲು ಕೂತೆವು. ಮೂರು ಗರಿ ಉಳಿದವು. ದೊಡ್ಡ ಲೋಗೋದಲ್ಲೂ ಅದೇ ಮೂರನ್ನು ಇಟ್ಟೆವು. ಕ್ಲೈಂಟ್ ತಮ್ಮ ಫೋನಿನಲ್ಲಿ ಹಳೆಯದು, ಹೊಸದು ಎರಡನ್ನೂ ಪಕ್ಕ ಪಕ್ಕ ನೋಡಿ ತಾವೇ ಹೊಸದನ್ನು ಆರಿಸಿದರು. ನಾವು ವಾದ ಮಾಡಲೇ ಇಲ್ಲ.

ಆಸ್ಪತ್ರೆಯ ಬೋರ್ಡುಗಳನ್ನು ಇನ್ನೂ ಲೋಹದಲ್ಲಿ ಮಾಡಿಸಿಲ್ಲ. ಎಲ್ಲವನ್ನೂ ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಿ, ರಟ್ಟಿಗೆ ಅಂಟಿಸಿ, ಎರಡು ವಾರಕ್ಕೆ ನೇತುಹಾಕಿದ್ದೇವೆ. ಹೋದ ವಾರ ಬಾಗಿಲ ಹತ್ತಿರ ಮತ್ತೆ ನಿಂತಿದ್ದೆವು. ಒಬ್ಬರು ವಯಸ್ಸಾದವರು ಕೈಯಲ್ಲಿ ಫೈಲ್ ಹಿಡಿದು ಬಂದು, ತಲೆ ಎತ್ತಿ ನೋಡಿ, ಯಾರನ್ನೂ ಕೇಳದೆ ಎಡಕ್ಕೆ ತಿರುಗಿದರು. ಅವರ ಹಿಂದೆ ಗಾಲಿಕುರ್ಚಿಯಲ್ಲಿ ಬಂದ ಅಮ್ಮ ಒಬ್ಬರು ಮಾತ್ರ ಲಿಫ್ಟಿನ ತಿರುವಿನಲ್ಲಿ ನಿಂತುಬಿಟ್ಟರು. ಅಲ್ಲಿ ಮುಂದೆ ನಿಂತವರ ತಲೆಗಳು ಅವರಿಗೆ ಬೋರ್ಡನ್ನು ಮರೆ ಮಾಡಿದ್ದವು. ಸೋಮವಾರ ನಾವೇ ಗಾಲಿಕುರ್ಚಿಯಲ್ಲಿ ಕೂತು ಆ ದಾರಿ ಪೂರ್ತಿ ಹೋಗಿ ನೋಡಬೇಕು. ನಮ್ಮ ಗೋಡೆಯ ಮುಂದೆಯೂ ಟೇಪಿನ ಮೇಲೆ ಈಗ ಒಂದು ಗಿಡ್ಡ ಸ್ಟೂಲ್ ಇಟ್ಟಿದ್ದೇವೆ.