ರಾಯಚೂರಿಗೆ ಬೇಕಾದುದು ಬೀದಿಯ ನೆರಳು

ಕೃಷ್ಣಾ, ತುಂಗಭದ್ರೆಯರ ನಡುವಿನ ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಅಂಥ ಮಧ್ಯಾಹ್ನ ಬಿಸಿಲಿಗೆ ತೆರೆದ ಡಾಂಬರಿನ ಮೇಲ್ಮೈ 60 ಡಿಗ್ರಿಯನ್ನೂ ಮೀರಬಲ್ಲದು. ಹಗಲೆಲ್ಲ ಹೀರಿದ ಶಾಖವನ್ನು ಡಾಂಬರು, ಕಾಂಕ್ರೀಟು ಮತ್ತು ಕಲ್ಲಿನ ಗೋಡೆಗಳು ರಾತ್ರಿ ನಿಧಾನವಾಗಿ ಬಿಟ್ಟುಕೊಡುವುದರಿಂದ, ಹೊರವಲಯದ ಹೊಲಗಳು ತಣಿದ ಮೇಲೂ ಪೇಟೆಯ ಓಣಿಗಳು ಕಾದೇ ಇರುತ್ತವೆ. ಇದನ್ನು ನಗರ ಉಷ್ಣದ್ವೀಪ ಎನ್ನುತ್ತಾರೆ.

ಮರ ಈ ಶಾಖವನ್ನು ಎರಡು ಬಗೆಯಲ್ಲಿ ತಗ್ಗಿಸುತ್ತದೆ. ಮೊದಲನೆಯದು ನೆರಳು: ನೆರಳಿನಡಿಯ ನೆಲ ಬಿಸಿಲಿನ ನೆಲಕ್ಕಿಂತ 11ರಿಂದ 25 ಡಿಗ್ರಿಯಷ್ಟು ತಂಪಾಗಿರಬಹುದು. ಎರಡನೆಯದು ಬಾಷ್ಪವಿಸರ್ಜನೆ, ಅಂದರೆ ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಹೊರಬಿಡುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಹಾಗಾಗಿ ದಿನಕ್ಕೆ 100 ಲೀಟರ್ ನೀರನ್ನು ಎಲೆಗಳಿಂದ ಹೊರಬಿಡುವ ಮರವೊಂದು ಸುತ್ತಲಿನಿಂದ ಸೆಳೆದುಕೊಳ್ಳುವ ಶಾಖ ಸುಮಾರು 67 ಯೂನಿಟ್ ವಿದ್ಯುತ್ತಿಗೆ ಸಮನಾದೀತು. ನಮ್ಮ ಒಣಹವೆಯಲ್ಲಿ ಆವಿಯಾಗುವಿಕೆ ಇನ್ನಷ್ಟು ಚುರುಕು. ಆದರೆ ಬೇರಿಗೆ ನೀರು ದಕ್ಕದಿದ್ದರೆ ಆವಿ ಹೊರಬೀಳುವ ಎಲೆಗಳ ಸೂಕ್ಷ್ಮ ರಂಧ್ರಗಳು (ಪತ್ರರಂಧ್ರಗಳು) ಮುಚ್ಚಿಕೊಂಡು, ತಂಪು ಅತಿ ಅಗತ್ಯವಾದ ಹೊತ್ತಿನಲ್ಲೇ ಈ ಕೆಲಸ ನಿಲ್ಲುತ್ತದೆ. ಬುಡದವರೆಗೂ ಕಾಂಕ್ರೀಟ್ ಸುರಿದ ರಸ್ತೆಬದಿಯ ಬೇವಿಗೆ ಆಗುವುದು ಇದೇ. ಮಳೆನೀರಿನ ಜತೆಗೆ ಬೇರು ಉಸಿರಾಡುವ ಗಾಳಿಯೂ ತಪ್ಪುತ್ತದೆ.

ನೀತಿಗಳೇನೂ ಇಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡುವಂತಿಲ್ಲವೆಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ತೀರ್ಪಿತ್ತಿದೆ. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ ತಲಾ 10ರಿಂದ 12 ಚದರ ಮೀಟರ್ ಬಯಲು ಜಾಗವನ್ನು ಸೂಚಿಸುತ್ತದೆ. ಈ ಅಳತೆಗೋಲಿನಲ್ಲಿಯೇ ನನಗೊಂದು ಕೊರತೆ ಕಾಣುತ್ತದೆ. ಬೇಲಿ ಹಾಕಿ, ಸಂಜೆ ಮಾತ್ರ ಬಾಗಿಲು ತೆರೆಯುವ ಹುಲ್ಲುಹಾಸೂ ಆ ಲೆಕ್ಕಕ್ಕೆ ಸೇರುತ್ತದೆ; ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ಮೂಟೆ ಹೊರುವ ಹಮಾಲಿಗೂ ಪೇಟೆಯ ತೀನ್ ಕಂದೀಲ್ ವೃತ್ತದ ಬಳಿ ತಳ್ಳುಗಾಡಿ ನಿಲ್ಲಿಸಿಕೊಂಡ ವ್ಯಾಪಾರಿಗೂ ನಡುಹಗಲಿನಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ. ಬೇಸಿಗೆಯಲ್ಲಿ ಹುಲ್ಲುಹಾಸು ಪದೇಪದೇ ನೀರು ಕೇಳುತ್ತದೆ, ನೆರಳನ್ನಂತೂ ಕೊಡದು. ಬೇವು, ಹೊಂಗೆ, ಹುಣಸೆಗಳು ಬೇರೂರಿದ ಮೇಲೆ ಬರವನ್ನೂ ತಾಳಿಕೊಳ್ಳುತ್ತವೆ.

ಆದ್ದರಿಂದ ನಗರಾಡಳಿತ ಮೊದಲು ಹಣ ತೆಗೆದಿಡಬೇಕಾದುದು ಜನ ಬಿಸಿಲಲ್ಲಿ ನಿಂತು ದುಡಿಯುವ ರಸ್ತೆಗಳಿಗೆ. ಅಲ್ಲಿ ಪ್ರತಿ ಮರದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣನ್ನು ತೆರೆದಿಡಬೇಕು, ಚರಂಡಿಗೆ ಹರಿದುಹೋಗುವ ಮಳೆನೀರನ್ನು ಆ ಪಾತಿಗೆ ತಿರುಗಿಸಬೇಕು. ಊರಿನ ಮಾವಿನ ಕೆರೆಯ ದಂಡೆಗೂ ಹುಲ್ಲುಹಾಸಿಗಿಂತ ಈ ಮರಗಳೇ ಒಪ್ಪುತ್ತವೆ. ಸಸಿ ನೆಡುವ ಗುತ್ತಿಗೆಯಲ್ಲಿ ಮೊದಲ ಮೂರು ಬೇಸಿಗೆಗಳ ನೀರಿನ ಖರ್ಚೂ ಸೇರಿರಬೇಕು. ಆ ನೀರು ಕುಡಿಯುವ ನೀರಿನ ಪಾಲಿನಿಂದ ಬರದೆ ಶುದ್ಧೀಕರಿಸಿದ ಕೊಳಚೆ ನೀರಿನಿಂದ ಬರಬೇಕು, ಮತ್ತು ಗುತ್ತಿಗೆಯ ಕೊನೆಯ ಕಂತು ಮೂರನೆಯ ಬೇಸಿಗೆ ಕಳೆದು ಬದುಕುಳಿದ ಗಿಡಗಳನ್ನು ಎಣಿಸಿದ ಮೇಲಷ್ಟೇ ಬಿಡುಗಡೆಯಾಗಬೇಕು.