ಪದ ಪರಿಚಯ: ಕಂಟ್ರೋಲ್ ವೇರಿಯಬಲ್

‘ವಯಸ್ಸು, ಲಿಂಗ, ಉದ್ಯೋಗ ಎಲ್ಲವನ್ನೂ ಕಂಟ್ರೋಲ್ ಮಾಡಿದ್ದೇವೆ.’ ಸಮಾಜ ವಿಜ್ಞಾನದ ಪ್ರಬಂಧಗಳಲ್ಲಿ ಈ ಮಾತು ಪದೇ ಪದೇ ಬರುತ್ತದೆ. ಆ ವಿಷಯಗಳಲ್ಲಿ ಒಂದೇ ತರ ಇರುವವರನ್ನು ಹೋಲಿಸಿ ನೋಡಿದಂತೆ ಲೆಕ್ಕ ಹಾಕಿದ್ದೇವೆ ಎಂಬುದು ಇದರ ಅರ್ಥ. ಆ ವಿಷಯಗಳೇ ಕಂಟ್ರೋಲ್ ವೇರಿಯಬಲ್‌ಗಳು. ಕಂಟ್ರೋಲ್ ಜಾಸ್ತಿ ಇದ್ದಷ್ಟೂ ಫಲಿತಾಂಶ ಗಟ್ಟಿ ಎಂದು ತುಂಬಾ ಜನ ನಂಬಿದ್ದಾರೆ. ಈ ನಂಬಿಕೆ ತಪ್ಪು.

ಓದಿನಿಂದ ಆದಾಯ ಎಷ್ಟು ಹೆಚ್ಚುತ್ತದೆ ಎಂದು ತಿಳಿಯಬೇಕು ಅನ್ನಿ. ಹೆತ್ತವರ ಆದಾಯ ಮಕ್ಕಳ ಓದಿಗೂ ಕಾರಣ, ಮುಂದಿನ ಸಂಪಾದನೆಗೂ ಕಾರಣ. ಅದನ್ನು, ಹಲವು ಕಾರಣಗಳ ಪಾಲನ್ನು ಬೇರ್ಪಡಿಸಿ ಅಳೆಯುವ ಲೆಕ್ಕವಾದ ರಿಗ್ರೆಶನ್‌ನಲ್ಲಿ ಸೇರಿಸದಿದ್ದರೆ ಹಣವಂತರ ಮನೆಯ ಅನುಕೂಲವೆಲ್ಲ ಓದಿನ ಲೆಕ್ಕಕ್ಕೆ ಬೀಳುತ್ತದೆ. ಇಲ್ಲಿ ಕಂಟ್ರೋಲ್ ಬೇಕೇ ಬೇಕು.

ಆದರೆ ಉದ್ಯೋಗವನ್ನೂ ಸೇರಿಸಿದರೆ? ಓದಿದವರಿಗೆ ಒಳ್ಳೆಯ ಕೆಲಸ ಸಿಗುತ್ತದೆ, ಅದರಿಂದ ಆದಾಯ ಏರುತ್ತದೆ. ಓದಿನ ಫಲ ಹರಿದು ಬರುವ ದಾರಿಯೇ ಉದ್ಯೋಗ. ಅದನ್ನು ಕಂಟ್ರೋಲ್ ಮಾಡಿದರೆ ಆ ದಾರಿಯನ್ನೇ ಮುಚ್ಚಿದಂತೆ. ಓದಿನ ಗುಣಾಂಕ, ಅಂದರೆ ಅದರ ಪ್ರಭಾವ ಇಷ್ಟು ಎಂದು ಲೆಕ್ಕ ತೋರಿಸುವ ಅಂಕಿ, ಕುಗ್ಗುತ್ತದೆ. ಆಗ ‘ಓದಿನಿಂದ ಅಷ್ಟೇನೂ ಲಾಭವಿಲ್ಲ’ ಎಂದು ಬರೆದುಬಿಡುತ್ತಾರೆ. ಗಂಡು-ಹೆಣ್ಣಿನ ಸಂಬಳದ ಅಂತರದ ಚರ್ಚೆಯಲ್ಲೂ ಇದೇ ಕಥೆ. ಹೆಣ್ಣುಮಕ್ಕಳಿಗೆ ಹುದ್ದೆ ಸಿಗದಿರುವುದೇ ತಾರತಮ್ಯವಾಗಿದ್ದರೆ, ಹುದ್ದೆಯನ್ನು ಕಂಟ್ರೋಲ್ ಮಾಡಿದಾಗ ಆ ತಾರತಮ್ಯವೇ ಕಣ್ಮರೆಯಾಗುತ್ತದೆ. ಅನ್ಯಾಯವನ್ನು ಅಳೆಯಲು ಹೊರಟವರೇ ಅದನ್ನು ಅಳಿಸಿಹಾಕುವುದು ಸಣ್ಣ ತಪ್ಪಲ್ಲ.

ಇನ್ನೂ ಕಣ್ಣಿಗೆ ಬೀಳದ ತೊಡಕೊಂದಿದೆ. ಓದಿನಲ್ಲಿ ಜಾಣರಿಗೂ ಆಟದಲ್ಲಿ ಮುಂದಿರುವವರಿಗೂ ಸೀಟು ಕೊಡುವ ಕಾಲೇಜನ್ನು ತೆಗೆದುಕೊಳ್ಳಿ. ಹೊರಗೆ ಈ ಎರಡು ಗುಣಗಳಿಗೆ ನಂಟೇ ಇಲ್ಲದಿರಬಹುದು. ಆದರೂ ಕಾಲೇಜಿನ ಒಳಗಿನವರನ್ನಷ್ಟೇ ನೋಡಿದರೆ ಓದಿನಲ್ಲಿ ಹಿಂದಿರುವವರು ಆಟದಲ್ಲಿ ಮುಂದಿರುವಂತೆ ಕಾಣುತ್ತದೆ. ಎರಡರಲ್ಲೂ ಹಿಂದಿದ್ದವರಿಗೆ ಸೀಟೇ ಸಿಕ್ಕಿರುವುದಿಲ್ಲ, ಅಲ್ವಾ? ಆಸ್ಪತ್ರೆಯ ರೋಗಿಗಳನ್ನಷ್ಟೇ ನೋಡಿದರೆ ಹೀಗೆ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿದ್ದರು. ಎರಡು ಕಾರಣಗಳು ಸೇರಿ ಆದ ಪರಿಣಾಮವನ್ನು ರಿಗ್ರೆಶನ್‌ಗೆ ಸೇರಿಸಿದರೂ ಆಗುವುದು ಇದೇ.

ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಲೆಕ್ಕಕ್ಕೆ ಕೂರುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಆರ್-ಸ್ಕ್ವೇರ್ (ಫಲಿತಾಂಶದ ಏರಿಳಿತದಲ್ಲಿ ಎಷ್ಟು ಪಾಲನ್ನು ಲೆಕ್ಕ ವಿವರಿಸುತ್ತದೆ ಎಂಬ ಅಳತೆ) ಏರಿತು ಎಂದು ಸುಮ್ನೆ ಒಂದೊಂದೇ ಸೇರಿಸುತ್ತಾ ಹೋಗಬಾರದು.

ಕಂಟ್ರೋಲ್‌ಗಳ ಗುಣಾಂಕವನ್ನು ಓದುವಾಗಲೂ ಎಚ್ಚರ ಬೇಕು. ಮುಖ್ಯ ಕಾರಣವನ್ನು ಓದಿದಂತೆಯೇ ಅವನ್ನೂ ಓದುವ ತಪ್ಪಿಗೆ ಸಂಶೋಧಕರಾದ ವೆಸ್ಟ್‌ರೈಕ್ ಮತ್ತು ಗ್ರೀನ್‌ಲ್ಯಾಂಡ್ 2013ರಲ್ಲಿ ‘ಟೇಬಲ್ 2 ಫ್ಯಾಲಸಿ’ ಎಂದು ಹೆಸರಿಟ್ಟರು. ಪ್ರಬಂಧಗಳ ಎರಡನೇ ಕೋಷ್ಟಕದಲ್ಲಿ ಸಾಮಾನ್ಯವಾಗಿ ಎಲ್ಲ ಗುಣಾಂಕಗಳೂ ಒಟ್ಟಿಗೆ ಇರುವುದರಿಂದ ಈ ಹೆಸರು. ನಮ್ಮ ಉದಾಹರಣೆಯಲ್ಲಿ ಹೆತ್ತವರ ಆದಾಯದ ಮುಂದೆ ಕಾಣುವ ಅಂಕಿ ಅದರ ಪೂರ್ತಿ ಪ್ರಭಾವವಲ್ಲ. ಓದಿನ ಮೂಲಕ ಬಂದ ಪಾಲು ಅದರಲ್ಲಿ ಸೇರಿಲ್ಲ.