ಎತ್ತರದವರ ಬೈಕ್ ಸವಾರಿ: ಹ್ಯಾಂಡಲ್ ಎತ್ತರಿಸಬೇಕಾ, ಸೀಟಾ?

ಪ್ರಶ್ನೆ: ನನ್ನ ಎತ್ತರ 6 ಅಡಿ 2 ಇಂಚು. ಬೈಕ್ ಮೇಲೆ ಒಂದು ಗಂಟೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ, ಸೊಂಟವೂ ನೋಯುತ್ತದೆ. ಹ್ಯಾಂಡಲ್ ಎತ್ತರಿಸಿದರೆ ಸರಿಹೋಗುತ್ತದಾ? ಇಲ್ಲ, ಬೈಕನ್ನೇ ಬದಲಿಸಬೇಕಾ?

ಉತ್ತರ: ಎರಡಕ್ಕೂ ಮುಂಚೆ ಸೀಟು ನೋಡಿ.

ಮಂಡಿ ಎಷ್ಟು ಮಡಚುತ್ತದೆ ಅನ್ನುವುದು ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಎಷ್ಟು ಜಾಗ ಇದೆ ಅನ್ನುವುದರ ಮೇಲೆ ನಿಂತಿದೆ. ಹ್ಯಾಂಡಲ್ ಎಷ್ಟು ಎತ್ತರಿಸಿದರೂ ಆ ಜಾಗ ಒಂದು ಮಿಲಿಮೀಟರ್ ಕೂಡ ಜಾಸ್ತಿ ಆಗುವುದಿಲ್ಲ. ಸೊಂಟ ನೋವಿಗೂ ಎಷ್ಟೋ ಸಲ ಇದೇ ಕಾರಣ. ಮಂಡಿ ಮೇಲೆದ್ದಷ್ಟೂ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಹಾಗೆ ಕೂತಾಗ ರಸ್ತೆಯ ಗುಂಡಿಯ ಏಟೆಲ್ಲ ನೇರ ಬೆನ್ನಿಗೇ.

ಹಾಗಾಗಿ ಬೈಕ್ ಸ್ಟ್ಯಾಂಡ್ ಹಾಕಿ, ಯಾರಾದರೂ ಹಿಡಿದುಕೊಂಡಿರಲಿ. ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತು, ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಮಂಡಿಯ ಒಳಗಿನ ಕೋನ 90 ಡಿಗ್ರಿಗಿಂತ ಕಡಿಮೆ ಕಂಡರೆ ತೊಂದರೆ ಅಲ್ಲೇ ಇದೆ.

ಸೀಟಿನ ಫೋಮ್ 20ರಿಂದ 40 ಮಿಲಿಮೀಟರ್ ಎತ್ತರಿಸಿದರೂ ಸಾಕು, ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. ಕುಷನ್ ಕೆಲಸದವರಿಗೆ ಕೊಡುವಾಗ ಎರಡು ಮಾತು ಹೇಳಿ. ಫೋಮ್ ಗಟ್ಟಿ ಇರಲಿ. ಮೆತ್ತಗಿನದು ಕೂತ ಹತ್ತು ನಿಮಿಷ ಹಾಯ್ ಅನಿಸುತ್ತದೆ, ಆಮೇಲೆ ಅಮುಕಿಹೋಗಿ ತಳ ಒತ್ತುತ್ತದೆ. ಎರಡನೆಯದು, ಸವಾರನ ಸೀಟಿನ ಹಿಂದೆ ಉಬ್ಬಿರುವ ಮೆಟ್ಟಿಲನ್ನು ಹಿಂದಕ್ಕೆ ಸರಿಸಲಿ. ಉದ್ದ ತೊಡೆಯವರನ್ನು ಟ್ಯಾಂಕ್ ಕಡೆ ತಳ್ಳುವುದು ಅದೇ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಅದನ್ನೂ ಮಟ್ಟ ಮಾಡಿಸಿ.

ಫುಟ್‌ರೆಸ್ಟ್ ಇಳಿಸುವುದು ಎರಡನೇ ದಾರಿ. ಆದರೆ ತಿರುವಿನಲ್ಲಿ ಬೈಕ್ ವಾಲಿಸಿದಾಗ ಅದು ಬೇಗ ನೆಲಕ್ಕೆ ತಾಗುತ್ತದೆ. ಇಳಿಸಿದ ಮೇಲೆ ಗೇರ್ ಲಿವರ್, ಬ್ರೇಕ್ ಪೆಡಲ್ ಎರಡನ್ನೂ ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಇಲ್ಲದಿದ್ದರೆ ಪ್ರತಿ ಗೇರಿಗೂ ಪಾದ ಎತ್ತಬೇಕಾಗುತ್ತದೆ.

ಹ್ಯಾಂಡಲ್ ಸರದಿ ಈಗ ಬರುತ್ತದೆ. ಸೀಟು ಎತ್ತರವಾದರೆ ಕೈಗೆ ಹ್ಯಾಂಡಲ್ ತಗ್ಗಾಗುತ್ತದೆ, ಹಾಗಾಗಿ ರೈಸರ್ (ಹ್ಯಾಂಡಲ್ ಎತ್ತರಿಸಲು ಅದರ ಕೆಳಗೆ ಕೂರಿಸುವ ತುಂಡು) ಈಗ ಬೇಕಾಗಬಹುದು. ಮೊದಲೇ ಹಾಕಿಸಿದ್ದರೆ ಅಳತೆ ತಪ್ಪಿರುತ್ತಿತ್ತು, ಅಲ್ವಾ? ರೈಸರ್ ಹಾಕಿದ ಮೇಲೆ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ತಾನಾಗಿಯೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಬ್ರೇಕ್ ಹೋಸ್ ಬಿಗಿದರೂ ಅಷ್ಟೇ. ಉದ್ದದ್ದು ಹಾಕಿಸದೆ ರಸ್ತೆಗಿಳಿಯಬೇಡಿ. ಕೈ ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ನೇರದಲ್ಲಿ ಬರುವ ಹಾಗೆ ಕ್ಲಚ್, ಬ್ರೇಕ್ ಲಿವರ್‌ಗಳನ್ನೂ ತಿರುಗಿಸಿಕೊಳ್ಳಿ. ಇದಕ್ಕೆ ಖರ್ಚಿಲ್ಲ, ಒಂದು ಸ್ಪ್ಯಾನರೋ ಆಲನ್ ಕೀಯೋ ಸಾಕು. ಆದರೂ ಯಾಕೋ ಯಾರೂ ಮಾಡಲ್ಲ.

ಎತ್ತರದವರಿಗೆ ಇನ್ನೊಂದು ಕಾಟ ಗಾಳಿ. ಬೈಕಿಗೆ ವಿಂಡ್‌ಸ್ಕ್ರೀನ್ ಇದ್ದರೆ ಅದರ ಅಂಚಿನಿಂದ ಸುಳಿಯಾಗಿ ಬರುವ ಗಾಳಿ ಕೆಲವರಿಗೆ ಸರಿಯಾಗಿ ಹೆಲ್ಮೆಟ್ಟಿಗೇ ಬಡಿಯುತ್ತದೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ತಗ್ಗಿ ನೋಡಿ. ಸದ್ದು, ಅಲುಗಾಟ ನಿಂತರೆ ಎತ್ತರದ ಸ್ಕ್ರೀನ್ ಬೇಕು. ಸ್ವಲ್ಪ ಮೇಲೆದ್ದಾಗ ನಿಂತರೆ ಗಿಡ್ಡದ್ದೇ ವಾಸಿ. ಇದನ್ನೂ ಸೀಟಿನ ಕೆಲಸ ಮುಗಿದ ಮೇಲೆಯೇ ನೋಡಿ, ಯಾಕಂದ್ರೆ ಆಗ ತಲೆಯ ಎತ್ತರವೂ ಬದಲಾಗಿರುತ್ತದೆ.

ಇಷ್ಟು ಮಾಡಿಯೂ ಮಂಡಿ ಟ್ಯಾಂಕಿನ ಅಂಚಿಗೆ ಒತ್ತುತ್ತಿದ್ದರೆ, ಅಥವಾ ತಿರುಗಿಸಿದಾಗ ಹ್ಯಾಂಡಲ್ ತೊಡೆಗೆ ತಾಗಿದರೆ, ಹೌದು, ಬೈಕ್ ಬದಲಿಸಿ. ಆದರೆ ಕಂಪನಿ ಕೊಡುವ ಸೀಟಿನ ಎತ್ತರ ಒಂದನ್ನೇ ನಂಬಬೇಡಿ. ಅದು ನೆಲದಿಂದ ಅಳೆದದ್ದು. 830 ಮಿಲಿಮೀಟರ್ ಸೀಟಿನ ಸ್ಪೋರ್ಟ್ಸ್ ಬೈಕ್‌ನಲ್ಲಿ ಫುಟ್‌ರೆಸ್ಟ್ ಮೇಲಿದ್ದರೆ, 800 ಮಿಲಿಮೀಟರಿನ ಸಾದಾ ಬೈಕೇ ಕಾಲಿಗೆ ಹಾಯಾಗಿರಬಹುದು. ಶೋರೂಮಿನಲ್ಲಿ ಎಲ್ಲರೂ ಕಾಲು ನೆಲಕ್ಕೆ ಎಟುಕುತ್ತದಾ ಅಂತ ನೋಡುತ್ತಾರೆ. ನೀವು ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು ಹತ್ತು ನಿಮಿಷ ಸುಮ್ನೆ ಕೂತಿರಿ.